ಸತ್ತ ಕೊಂಡಿಗೆ ಯಾವ ಆರ್ಕೈವ್?

ಕನ್ನಡ ವಿಕಿಪೀಡಿಯದಲ್ಲಿ ನಾನೇ ಬರೆದ ಹಳೆಯ ಲೇಖನವೊಂದನ್ನು ಮೊನ್ನೆ ತೆರೆದೆ. ಉಲ್ಲೇಖಗಳಲ್ಲಿ ನಾಲ್ಕು ಕೊಂಡಿಗಳು ಸತ್ತಿದ್ದವು. ಪತ್ರಿಕೆಯೊಂದು ಜಾಲತಾಣವನ್ನು ಹೊಸದು ಮಾಡುವಾಗ ಹಳೆಯ ವಿಳಾಸಗಳನ್ನು ಕೈಬಿಟ್ಟಿತ್ತು. ಸರಿ, ಆರ್ಕೈವ್ (ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ತಾಣ) ಪ್ರತಿ ಹಾಕೋಣ ಅಂತ ಕೂತೆ.

ಮೊದಲು ಇಂಟರ್ನೆಟ್‌ಆರ್ಕೈವ್‌ಬಾಟ್ ಓಡಿಸಿದೆ. ಸತ್ತ ಕೊಂಡಿಗಳಿಗೆ ಆರ್ಕೈವ್ ಪ್ರತಿಯನ್ನು ತಾನೇ ಹುಡುಕಿ ಹಾಕುವ ತಂತ್ರಾಂಶ ಇದು. ಕ್ಷಣದಲ್ಲಿ ಎರಡು ಕೊಂಡಿ ತುಂಬಿತು. ಒಂದು ಚೆನ್ನಾಗಿತ್ತು. ಇನ್ನೊಂದನ್ನು ಒತ್ತಿದರೆ ‘ಪುಟ ಸಿಗಲಿಲ್ಲ’ ಅನ್ನುವ ಪುಟದ್ದೇ ಪ್ರತಿ! ಬಾಟ್‌ಗೆ ಕಣ್ಣಿಲ್ಲ, ಅಲ್ವಾ?

ಅದನ್ನು ಸರಿಮಾಡಲು ನೇರ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ಗೆ ಹೋದೆ. 2001ರಲ್ಲಿ ಎಲ್ಲರಿಗೂ ತೆರೆದುಕೊಂಡ ಇದರಲ್ಲಿ 1996ರ ಪುಟಗಳೂ ಇವೆ. ಕ್ಯಾಲೆಂಡರಿನಲ್ಲಿ ಹಿಂದೆ ಹೋದಾಗ ಸರಿಯಾದ ಪ್ರತಿ ಸಿಕ್ಕಿತು. ಇದರ ಕೊಂಡಿಯಲ್ಲಿ ದಿನಾಂಕ, ಸಮಯ ಸೇರಿ 14 ಅಂಕಿ, ಅದಾದ ಮೇಲೆ ಮೂಲ ವಿಳಾಸ. ಹಾಗಾಗಿ ಆರ್ಕೈವ್ ಮುಚ್ಚಿಹೋದರೂ ಮೂಲ ಯಾವುದು ಅಂತ ಗೊತ್ತಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಇದೂ ಕೆಲವು ದಿನ ತೆರೆಯಲಿಲ್ಲ. ಇನ್ನೊಂದು ಕಿರಿಕಿರಿ: ವಿಳಾಸದಲ್ಲಿ ಕನ್ನಡವಿದ್ದರೆ ನಕಲು ಮಾಡುವಾಗ ‘ಕ’ ಒಂದೇ ಒಂಬತ್ತು ಚಿಹ್ನೆಯಾಗುತ್ತದೆ. ಕೊಂಡಿ ರೈಲಿನಷ್ಟು ಉದ್ದ.

ಮೂರನೆಯ ಪುಟ ವೇಬ್ಯಾಕ್‌ನಲ್ಲಿ ಬರೀ ಬಿಳಿ. ಜಾವಾಸ್ಕ್ರಿಪ್ಟ್ ಜಾಸ್ತಿ ಇತ್ತೇನೋ. ಆರ್ಕೈವ್ ಟುಡೇ ಅನ್ನುವ ಇನ್ನೊಂದು ಆರ್ಕೈವ್ ತಾಣದಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಉಳಿಸಿದ್ದರು. ಪೂರ್ತಿ ಇತ್ತು, ಸ್ಕ್ರೀನ್‌ಶಾಟ್ ಸಮೇತ. ಆದರೆ ಅದರ ಪುಟಾಣಿ ಕೊಂಡಿ ನೋಡಿದರೆ ಒಳಗೇನಿದೆ ಅಂತ ತಿಳಿಯುವುದಿಲ್ಲ. ನಡೆಸುವವರು ಯಾರು ಅನ್ನುವುದೂ ಬಹಿರಂಗವಿಲ್ಲ. ವೆಬ್‌ಸೈಟ್ ಅನ್ನುವ ಇಂಥದ್ದೇ ಆರ್ಕೈವ್ ಸೇವೆ (WebCite; ಹೆಸರೇ ಹಾಗೆ, ಕನ್ನಡದಲ್ಲಿ ಬರೆದರೆ ಗೋಜಲು) 2019ರಲ್ಲಿ ಹೊಸ ಪುಟ ಉಳಿಸುವುದನ್ನೇ ನಿಲ್ಲಿಸಿದ್ದು ನೆನಪಿದೆ. ನಾಳೆ ಇದೂ ನಿಂತರೆ ಮೂಲ ಯಾವುದು ಅಂತಾದರೂ ಗೊತ್ತಾಗಲಿ ಅಂತ, ಆರ್ಕೈವ್ ಟುಡೇಯದೇ ಮೂಲ ವಿಳಾಸವಿರುವ ಉದ್ದನೆಯ ಕೊಂಡಿಯನ್ನು ಹಾಕಿದೆ. ಬೇರೆ ದಾರಿ ಇದ್ದಿದ್ದರೆ ಇದನ್ನು ಮುಟ್ಟುತ್ತಿರಲಿಲ್ಲ. ಅಂದಹಾಗೆ, ಯಾವ ಆರ್ಕೈವ್ ಆದರೂ ಪ್ರತಿಯ ದಿನಾಂಕ ತುಂಬಲು ಮರೆತರೆ ಉಲ್ಲೇಖದ ಟೆಂಪ್ಲೇಟು (ವಿಕಿಪೀಡಿಯದ ಸಿದ್ಧ ನಮೂನೆ) ಕೆಂಪಕ್ಷರದಲ್ಲಿ ಬಯ್ಯುತ್ತದೆ.

ನಾಲ್ಕನೆಯದು ಯುನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ವ್ಯವಸ್ಥೆಗೆ) ಮುಂಚಿನ ಪುಟ. ವೇಬ್ಯಾಕ್ ಅದನ್ನು ಜೋಪಾನವಾಗಿ ಇಟ್ಟಿದೆ, ಆದರೆ ಆ ಕಾಲದ ಫಾಂಟು ಇಲ್ಲದೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿ ಓದಿಕೊಂಡೆ. ಕೊಂಡಿಯ ಜೊತೆಗೆ ನನಗೆ ಬೇಕಿದ್ದ ಎರಡು ಸಾಲನ್ನು ಯುನಿಕೋಡ್‌ನಲ್ಲಿ ಉಲ್ಲೇಖದೊಳಗೇ ಬರೆದಿಟ್ಟೆ.