ಗೆಕ್ಕೊ ಮೊಟ್ಟೆಗಳಿಗೆ ಪೆಲ್ಟಿಯರ್ ಪೆಟ್ಟಿಗೆ: ಹುಬ್ಬಳ್ಳಿಯ ಬೇಸಿಗೆಯಲ್ಲಿ ಬಳಸಿ ನೋಡಿದ ಮೇಲೆ

ಇನ್‌ಕ್ಯುಬೇಟರ್ ಎಂದೊಡನೆ ನಮಗೆ ಕಾವು ಕೊಡುವ ಯಂತ್ರವೇ ನೆನಪಾಗುತ್ತದೆ. ಆದರೆ ನ್ಯೂ ಕ್ಯಾಲಿಡೋನಿಯಾ ಮೂಲದ ಕ್ರೆಸ್ಟೆಡ್ ಗೆಕ್ಕೊ ಎಂಬ ಹಲ್ಲಿಯ ಮೊಟ್ಟೆಗಳಿಗೆ 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಏಪ್ರಿಲ್ ತಿಂಗಳಿನಲ್ಲಿ 35 ಡಿಗ್ರಿ ದಾಟುವ ಹುಬ್ಬಳ್ಳಿಯಲ್ಲಿ ಅವುಗಳಿಗೆ ಒದಗಿಸಬೇಕಾದದ್ದು ತಂಪು.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಕೋಳಿ ಮೊಟ್ಟೆಯ ಯಂತ್ರವನ್ನು ಇದಕ್ಕೆ ಖಂಡಿತ ಕೊಳ್ಳಬಾರದು. ಅದರ ಉಷ್ಣತೆ 37.5 ಡಿಗ್ರಿಯ ಆಸುಪಾಸಿನಲ್ಲಿರುವುದಲ್ಲದೆ, ಹಲವು ಮಾದರಿಗಳು ಮೊಟ್ಟೆಗಳನ್ನು ತಾವಾಗಿಯೇ ತಿರುಗಿಸುತ್ತವೆ. ಗೆಕ್ಕೊ ಮೊಟ್ಟೆಯೊಳಗಿನ ಭ್ರೂಣ ಬೇಗನೆ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುವುದರಿಂದ, ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯಬಹುದು. ಮಣ್ಣಿನಿಂದ ಮೊಟ್ಟೆ ತೆಗೆಯುವ ಮೊದಲೇ ಅದರ ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕುವುದು ಈ ಕಾರಣಕ್ಕಾಗಿಯೇ.

ನಾನು ಬಳಸುತ್ತಿರುವುದು ಪೆಲ್ಟಿಯರ್ ತಂತ್ರದ, ಅಂದರೆ ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆಯಿರುವ ಸಣ್ಣ ಪೆಟ್ಟಿಗೆ. ಕಾರಿನಲ್ಲಿ ನೀರು, ತಿಂಡಿ ಒಯ್ಯಲು ಬಳಸುವಂಥದ್ದು. ಕಂಪ್ರೆಸರ್ ಇಲ್ಲದ ಕಾರಣ ನಡುಕವಿಲ್ಲ, ಹಿಂಬದಿಯ ಫ್ಯಾನಿನ ಸದ್ದು ಮಾತ್ರ ಇದೆ. ತಂಪಾಗಿಸುವ ಶಕ್ತಿ ನಮ್ಮ ಬೇಸಿಗೆಗೆ ಸಾಕಾಗುತ್ತದೆ, ಆದರೆ ನೆರಳಿನಲ್ಲಿ, ಗೋಡೆಯಿಂದ ದೂರ, ಬಿಸಿಗಾಳಿ ಹೊರಹೋಗುವಂತೆ ಇಡಬೇಕು. ದೊಡ್ಡ ಕೊರತೆಯೆಂದರೆ ಇದರಲ್ಲಿ ಥರ್ಮೊಸ್ಟಾಟ್ ಇಲ್ಲ: ಸ್ವಿಚ್ ಹಾಕಿದರೆ ಒಂದೇ ಸಮನೆ ತಂಪಾಗುತ್ತಲೇ ಹೋಗುತ್ತದೆ. ಡಿಜಿಟಲ್ ಕಂಟ್ರೋಲರ್ ಒಂದನ್ನು ಬೇರೆಯಾಗಿ ತಂದು, ಅದರ ಸೆನ್ಸರನ್ನು ಮೊಟ್ಟೆಗಳ ಪಕ್ಕದಲ್ಲೇ ಇರಿಸಿ, 24 ಡಿಗ್ರಿಗೆ ಹೊಂದಿಸಿದ ಮೇಲೆಯೇ ಈ ಪೆಟ್ಟಿಗೆ ನಂಬಿಕೆಗೆ ಅರ್ಹವಾಯಿತು. ಖರ್ಚಿನ ಲೆಕ್ಕದಲ್ಲಿ ಕಂಟ್ರೋಲರಿನ ಬೆಲೆಯನ್ನೂ ಸೇರಿಸಿಕೊಳ್ಳಬೇಕು.

ತೇವದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಒಳಗಿನ ತಣ್ಣನೆಯ ತಗಡು ಗಾಳಿಯ ತೇವವನ್ನು ಹನಿಯಾಗಿಸಿ ಸೆಳೆದುಕೊಳ್ಳುವುದರಿಂದ ಮೊಟ್ಟೆಗಳನ್ನು ಬಿಡಿಯಾಗಿ ಇಟ್ಟರೆ ಅವು ಒಣಗಿ ಕುಗ್ಗುತ್ತವೆ. ನರ್ಸರಿಗಳಲ್ಲಿ ದೊರೆಯುವ, ನೀರು ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟನ್ನು ಅದರಷ್ಟೇ ತೂಕದ ನೀರಿನಲ್ಲಿ ಕಲಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹರಡಿ, ಮೊಟ್ಟೆಗಳನ್ನು ಅರ್ಧ ಹೂತಿಡುವುದು ಒಳ್ಳೆಯ ಕ್ರಮ. ಡಬ್ಬಿಯನ್ನು ಆಗಾಗ ತೂಗಿದರೆ ಎಷ್ಟು ನೀರು ಆರಿದೆ ಎಂಬುದು ತಿಳಿಯುತ್ತದೆ; ಅಷ್ಟನ್ನೇ ಅಂಚಿನಲ್ಲಿ ಸೇರಿಸಬೇಕು, ಮೊಟ್ಟೆಯ ಮೇಲೆ ಹನಿ ಬೀಳಬಾರದು.

ಕರೆಂಟ್ ಹೋದಾಗ ಪೆಟ್ಟಿಗೆ ಬೇಗ ಬಿಸಿಯಾಗುತ್ತದೆ. ಖಾಲಿ ಜಾಗದಲ್ಲೆಲ್ಲ ನೀರು ತುಂಬಿದ ಬಾಟಲಿಗಳನ್ನಿಟ್ಟರೆ ಉಷ್ಣತೆ ನಿಧಾನವಾಗಿ ಏರುತ್ತದೆ. ಇನ್‌ವರ್ಟರ್ ಇರುವ ಮನೆಗಳಿಗೆ ಈ ಚಿಂತೆ ಕಡಿಮೆ.

ಈ ಮೊಟ್ಟೆಗಳು ಒಡೆಯಲು ಎರಡರಿಂದ ನಾಲ್ಕು ತಿಂಗಳು ಹಿಡಿಯಬಹುದು. ತಂಪು ಹೆಚ್ಚಿದಷ್ಟೂ ಅವಧಿ ಉದ್ದವಾಗುತ್ತದೆ. ಅಷ್ಟು ಕಾಲ ಎಡೆಬಿಡದೆ ದುಡಿಯುವ ಯಂತ್ರವೆಂದು ನೋಡಿದಾಗ, ಕಂಟ್ರೋಲರ್ ಸಹಿತ ಈ ಪೆಟ್ಟಿಗೆಯನ್ನು ಮಾರ್ಚ್‌ನಿಂದ ಮೇ ತನಕ ಮೊಟ್ಟೆ ಇಡಿಸುವವರಿಗೆ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಧಾರವಾಡದ ಮಳೆಗಾಲದಲ್ಲಿ ಮನೆಯ ತಂಪು ಕೋಣೆಯೇ ಬಹುಮಟ್ಟಿಗೆ ಸಾಕಾಗುವುದರಿಂದ, ಜುಲೈನಲ್ಲಿ ಆರಂಭಿಸುವವರು ಮೊದಲು ಒಂದು ಒಳ್ಳೆಯ ಥರ್ಮಾಮೀಟರಿಗೆ ಹಣ ಹಾಕಲಿ.