ಇಂಗ್ಲಿಷ್‌ನ ಅಪಾಸ್ಟ್ರಫಿ (’ ಚಿಹ್ನೆ) ಕಲಿಸೋಕೆ ಯಾವುದು ಮೊದಲು: ಶಾರ್ಟ್ ಫಾರ್ಮಾ, "ಯಾರದು" ಅನ್ನೋದಾ?

ಡೋಂಟ್, ಐಮ್ ಥರ ಶಾರ್ಟ್ ಫಾರ್ಮ್‌ಗಳಿಂದ ಶುರು ಮಾಡಿದ್ರೆ ಮಕ್ಕಳಿಗೆ ಕಣ್ಣಿಗೇ ಕಾಣುತ್ತೆ, ಡೂ ನಾಟ್ ಅಂತ ದೊಡ್ಡದಾಗಿ ಬರೆದು, ನಾಟ್‌ನಲ್ಲಿರೋ ಓ ಕತ್ತರಿಸಿ ತೆಗೆದು, ಅದೇ ಜಾಗಕ್ಕೆ ಅಪಾಸ್ಟ್ರಫಿ ಅಂಟಿಸಿದ್ರೆ ಆ ಚಿಹ್ನೆ ಅಲ್ಲಿ ಯಾಕಿದೆ ಅಂತ ಮಗೂಗೇ ಹೊಳೆಯುತ್ತೆ. ವೋಂಟ್ (ವಿಲ್ ನಾಟ್) ಥರದ್ದು ಈ ಲೆಕ್ಕಕ್ಕೆ ಬರಲ್ಲ, ಅದನ್ನ ಹಾಗೇ ನೆನಪಿಟ್ಕೋಬೇಕು.

"ಯಾರದು" ಅನ್ನೋದನ್ನ ಮೊದಲು ಹೇಳ್ಕೊಟ್ರೆ ಕಷ್ಟ ಜಾಸ್ತಿ. ಒಬ್ಬ ಹುಡುಗನದಾದ್ರೆ ಎಸ್‌ಗೆ ಮುಂಚೆ, ತುಂಬಾ ಹುಡುಗರದಾದ್ರೆ ಎಸ್ ಆದ್ಮೇಲೆ, ಆದ್ರೆ ಚಿಲ್ಡ್ರನ್‌ಗೆ ಮತ್ತೆ ಎಸ್‌ಗೆ ಮುಂಚೇನೇ, ಇಷ್ಟೆಲ್ಲ ಒಟ್ಟಿಗೆ ತುಂಬಿದ್ರೆ ಎಸ್ ಕಂಡಲ್ಲೆಲ್ಲ ಹಾಕ್ಬಿಡ್ತಾರೆ, ಬರೀ ಬಹುವಚನದ ಆಪಲ್ಸ್‌ಗೂ.

ಚಿಕ್ಕೋರಿಗೆ ನನ್ನ ಓಟು ಮೊದಲನೇದಕ್ಕೇ. ಇಟ್ಸ್ ಬಂದ್ರೆ ಇಟ್ ಈಸ್ ಅಥವಾ ಇಟ್ ಹ್ಯಾಸ್ ಅಂತ ಬಿಡಿಸಿ ಓದಿಸಿ, ಅರ್ಥ ಕೂಡಿದ್ರೆ ಅಪಾಸ್ಟ್ರಫಿ ಬೇಕು, ಇಲ್ಲಾಂದ್ರೆ ಬೇಡ.