ಒಂದೇ ಸೈಜ್, ನಾಲ್ಕು ಕೋಡೆಕ್: 500 ಕೆಬಿಪಿಎಸ್‌ನಲ್ಲಿ ಯಾವುದು ಕಣ್ಣಿಗೆ ಹಿತ?

ನಿಧಾನ ನೆಟ್ ಇರುವವರಿಗೆ ಪಾಠದ ವಿಡಿಯೊ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಫೈಲ್ ದೊಡ್ಡದಾದರೆ ವಿಡಿಯೊ ನಿಂತು ನಿಂತು ಓಡುತ್ತದೆ. ಸುಮ್ನೆ ಒತ್ತಿ ಚಿಕ್ಕದು ಮಾಡಿದರೆ ಅಕ್ಷರಗಳೇ ಕಾಣುವುದಿಲ್ಲ. ಹಾಗಾಗಿ ಎಚ್.264, ಎಚ್.265, ವಿಪಿ9, ಎವಿ1 ಎಂಬ ನಾಲ್ಕು ಕೋಡೆಕ್‌ಗಳನ್ನು, ಅಂದರೆ ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ವಿಧಾನಗಳನ್ನು, ಪಕ್ಕಪಕ್ಕ ಇಟ್ಟು ನೋಡಿಯೇಬಿಡೋಣ ಎಂದು ಕೂತೆ.

ಒಂದೊಂದು ನಿಮಿಷದ ನಾಲ್ಕು ತುಣುಕು ತೆಗೆದುಕೊಂಡೆ. ಖಾಲಿ ಗೋಡೆಯ ಮುಂದೆ ಕೂತು ಮಾತಾಡುವ ಒಬ್ಬರು, ಸಣ್ಣ ಅಕ್ಷರಗಳಿರುವ ಸ್ಕ್ರೀನ್ ರೆಕಾರ್ಡಿಂಗ್, ಗಾಳಿಗೆ ಅಲ್ಲಾಡುವ ಮರ, ಕತ್ತಲಾಗುತ್ತಿರುವ ಆಕಾಶ. ಎಲ್ಲವೂ 720ಪಿ, ಸೆಕೆಂಡಿಗೆ 25 ಫ್ರೇಮ್. ಬಿಟ್‌ರೇಟ್ 500 ಕೆಬಿಪಿಎಸ್ (ಸೆಕೆಂಡಿಗೆ 500 ಕಿಲೊಬಿಟ್), ಎರಡು ಪಾಸ್ (ಮೊದಲ ಸಲ ವಿಡಿಯೊ ಅಳೆದು, ಎರಡನೇ ಸಲ ಒತ್ತುವುದು). ಆಡಿಯೊ ಬಿಟ್ಟು ಪ್ರತಿ ಫೈಲೂ ಸುಮಾರು 3.75 ಎಂಬಿ ಆಗುತ್ತದೆ. ಸೈಜ್ ಸಮ ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಎಲ್ಲದಕ್ಕೂ ಒಂದೇ ಸಿಆರ್‌ಎಫ್ ಸಂಖ್ಯೆ (ಎಷ್ಟು ಗುಣಮಟ್ಟ ಬೇಕು ಎಂದು ಹೇಳುವ ಸಂಖ್ಯೆ) ಕೊಟ್ಟು ಹೋಲಿಸುವವರಿದ್ದಾರೆ. ಅದು ತಪ್ಪು. ಫೈಲ್ ಒತ್ತುವ ಸಾಫ್ಟ್‌ವೇರ್‌ಗಳಲ್ಲಿ (ಎನ್‌ಕೋಡರ್) ಎಕ್ಸ್264ರ ಡೀಫಾಲ್ಟ್ 23, ಎಕ್ಸ್265ರದ್ದು 28, ಎಸ್‌ವಿಟಿ-ಎವಿ1ರದ್ದು 35. ಅಳತೆಗೋಲೇ ಬೇರೆ ಬೇರೆ.

ಯಾವ ಫೈಲ್ ಯಾವುದು ಅಂತ ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ. ಅದಕ್ಕೇ ತಂಗಿಯ ಹತ್ತಿರ ಫೈಲ್‌ಗಳ ಹೆಸರು ಬದಲಿಸಿ ಕೊಡು ಎಂದೆ. ಅವಳು ಕ, ಖ, ಗ, ಘ ಎಂದು ಹೆಸರಿಟ್ಟು ಕೊಟ್ಟಳು. ಗುಟ್ಟು ಬಿಚ್ಚಿದ್ದು ನಾನು ಅಂಕ ಹಾಕಿ ಮುಗಿಸಿದ ಮೇಲೆ.

ಮೊದಲು ಒಂದು ಲೆಕ್ಕ. ಇದು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. 500 ಕೆಬಿಪಿಎಸ್ ಅನ್ನು 25 ಫ್ರೇಮ್‌ಗೆ ಹಂಚಿದರೆ ಒಂದು ಫ್ರೇಮ್‌ಗೆ ಸಿಗುವುದು 20,000 ಬಿಟ್. 2003ರ ಎಚ್.264 ಚಿತ್ರವನ್ನು 16×16 ಪಿಕ್ಸೆಲ್‌ನ ಚೌಕಗಳಾಗಿ ಒಡೆಯುತ್ತದೆ. 720ಪಿ ಚಿತ್ರದಲ್ಲಿ ಅಂಥ ಚೌಕ 3,600. ಒಂದು ಚೌಕದ ಪಾಲಿಗೆ ಸರಾಸರಿ ಐದೂವರೆ ಬಿಟ್! 256 ಪಿಕ್ಸೆಲ್‌ಗಳ ಕಥೆಯನ್ನು ಅಷ್ಟರಲ್ಲೇ ಹೇಳಿ ಮುಗಿಸಬೇಕು. 2013ರಲ್ಲಿ ಬಂದ ಎಚ್.265 ಮತ್ತು ವಿಪಿ9 ಎರಡಕ್ಕೂ 64×64ರ ದೊಡ್ಡ ಚೌಕ ಬಳಸಲು ಬರುತ್ತದೆ. 2018ರ ಎವಿ1 ಇನ್ನೂ ಮುಂದೆ ಹೋಗಿ 128×128ರವರೆಗೆ ಹಿಗ್ಗುತ್ತದೆ. ಖಾಲಿ ಗೋಡೆಯಂಥ ಜಾಗವನ್ನು ಒಂದೇ ದೊಡ್ಡ ಚೌಕದಲ್ಲಿ ಮುಗಿಸಿ, ಉಳಿದ ಬಿಟ್‌ಗಳನ್ನು ಕಣ್ಣು, ತುಟಿ, ಕೂದಲಿಗೆ ಕೊಡಬಹುದು.

ಮಾತಾಡುವವರ ತುಣುಕಿನಲ್ಲಿ ಇದು ಎದ್ದು ಕಂಡಿತು. ಎಚ್.264ರಲ್ಲಿ ಕೆನ್ನೆಯ ಮೇಲೆ ಚೌಕಗಳ ಗುರುತು. ಅವರು ತಲೆ ತಿರುಗಿಸಿದಾಗ ಕಿವಿಯ ಪಕ್ಕದ ಗೋಡೆಯೂ ತಲೆಯ ಜೊತೆ ಸ್ವಲ್ಪ ಜಾರಿ, ಆಮೇಲೆ ತನ್ನ ಜಾಗಕ್ಕೆ ಮರಳುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೀಫ್ರೇಮ್ (ಹಿಂದಿನ ಫ್ರೇಮ್ ನೆಚ್ಚದೆ ಪೂರ್ತಿ ಹೊಸದಾಗಿ ಬರೆದ ಚಿತ್ರ) ಬಂದಾಗ ಇಡೀ ಗೋಡೆ ಒಮ್ಮೆ ಮಿಡಿದಂತೆ ಆಗುತ್ತದೆ. ಒಮ್ಮೆ ಕಣ್ಣಿಗೆ ಬಿತ್ತೋ, ಪಾಠ ಬಿಟ್ಟು ಅದನ್ನೇ ನೋಡುತ್ತಾ ಕೂರುತ್ತೇವೆ. ಎಚ್.265ರಲ್ಲಿ ಚೌಕ ಕಾಣಲಿಲ್ಲ, ಆದರೆ ಚರ್ಮ ಮೇಣ ಹಚ್ಚಿದ ಹಾಗೆ ನುಣ್ಣಗಾಯಿತು. ವಿಪಿ9 ಹೆಚ್ಚು ಕಡಿಮೆ ಅದೇ, ಹುಬ್ಬು ಇನ್ನೂ ಸ್ವಲ್ಪ ಮಬ್ಬು. ಎವಿ1ರಲ್ಲಿ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಂಡಿತು. ನಾನು 'ಘ' ಫೈಲ್‌ಗೆ ಕಣ್ಣು ಮುಚ್ಚಿ ಮೊದಲ ಸ್ಥಾನ ಕೊಟ್ಟಿದ್ದೆ. ಅದೇ ಎವಿ1.

ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಅಂತರ ಇನ್ನೂ ಜಾಸ್ತಿ. ಎಚ್.264ರಲ್ಲಿ ಪುಟ ಸ್ಕ್ರಾಲ್ ಆದ ತಕ್ಷಣ ಅಕ್ಷರಗಳ ಸುತ್ತ ನುಸಿ ಮುತ್ತಿದ ಹಾಗೆ ಚುಕ್ಕೆಗಳು ಎದ್ದವು. ಪುಟ ನಿಂತ ಮೇಲೆ ನಿಧಾನವಾಗಿ ತಿಳಿಯಾಯಿತು. ಎವಿ1ರಲ್ಲಿ ಪ್ಯಾಲೆಟ್ ಅನ್ನುವ ಒಂದು ವಿಧಾನವಿದೆ. ಒಂದು ಚೌಕದಲ್ಲಿ ಇರುವುದೇ ಎರಡು ಮೂರು ಬಣ್ಣವಾದರೆ, ಆ ಬಣ್ಣಗಳ ಪಟ್ಟಿಯನ್ನೂ ಯಾವ ಪಿಕ್ಸೆಲ್‌ಗೆ ಯಾವುದು ಎಂಬುದನ್ನೂ ಬರೆದಿಟ್ಟರೆ ಸಾಕು. ಬಿಳಿ ಪುಟದ ಮೇಲಿನ ಕಪ್ಪು ಅಕ್ಷರಕ್ಕೆ ಹೇಳಿ ಮಾಡಿಸಿದ್ದು ಅದು, ಅಲ್ವಾ? ಒತ್ತಕ್ಷರ, ಕೊಂಬು, ದೀರ್ಘ ಎಲ್ಲವೂ ಓದುವಂತಿದ್ದವು.

ಮರದ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನಾಲ್ಕೂ ಸೋತವು. ಸಾವಿರಾರು ಎಲೆ ಒಂದೊಂದೂ ಒಂದೊಂದು ದಿಕ್ಕಿಗೆ ಅಲ್ಲಾಡುವಾಗ 500 ಕೆಬಿಪಿಎಸ್ ಯಾವುದಕ್ಕೂ ಸಾಲದು. ಎಚ್.264 ಚೂರು ಚೂರಾಯಿತು, ಉಳಿದವು ಹಸಿರು ಗಂಜಿಯಾದವು.

ಆಕಾಶದ ತುಣುಕಿನಲ್ಲಿ ಒಂದು ಪಾಠ ಕಲಿತೆ. ತಿಳಿ ನೀಲಿಯಿಂದ ಕಪ್ಪಿಗೆ ಇಳಿಯುವ ಕಡೆ ಎಲ್ಲದರಲ್ಲೂ ಪಟ್ಟೆ ಪಟ್ಟೆ ಬಂತು. ಎವಿ1 ಅನ್ನೇ 8 ಬಿಟ್ ಬದಲು 10 ಬಿಟ್‌ನಲ್ಲಿ (ಬಣ್ಣಕ್ಕೆ ಮೆಟ್ಟಿಲುಗಳು ಹೆಚ್ಚು) ಮತ್ತೊಮ್ಮೆ ಎನ್‌ಕೋಡ್ ಮಾಡಿದೆ. ಪಟ್ಟೆ ಬಹುಪಾಲು ಮಾಯ. ಸೈಜ್ ಅಷ್ಟೇ. ಎವಿ1ರ ಮೇನ್ ಪ್ರೊಫೈಲ್‌ನಲ್ಲೇ (ಮೂಲ ಸೌಲಭ್ಯಗಳ ಪಟ್ಟಿಯಲ್ಲೇ) 10 ಬಿಟ್ ಸೇರಿರುವುದರಿಂದ ಎವಿ1 ಓಡುವ ಕಡೆ ಇದೂ ಓಡುತ್ತದೆ. ಎಚ್.264ರಲ್ಲಿ ಹಾಗಲ್ಲ. ಅದರ 10 ಬಿಟ್ ಫೈಲನ್ನು ಹೆಚ್ಚಿನ ಫೋನ್‌ಗಳ ಹಾರ್ಡ್‌ವೇರ್ ಮುಟ್ಟುವುದೇ ಇಲ್ಲ.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಬೇಕು. ಮೊದಲ ಸುತ್ತಿನಲ್ಲಿ ಎಚ್.265 ಅನ್ನು ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್‌ನಲ್ಲಿ ಮಾಡಿದ್ದೆ. ಬೇಗ ಮುಗಿಯಿತು. ಆದರೆ ಫಲಿತಾಂಶ ನೋಡಿ ಎಚ್.265 ಅಂದರೆ ಇಷ್ಟೇನಾ ಅನ್ನಿಸಿತು. ಎಕ್ಸ್265ರಲ್ಲಿ 'ಸ್ಲೋ' ಪ್ರಿಸೆಟ್ ಇಟ್ಟು ಮತ್ತೆ ಮಾಡಿದಾಗ ಅದೇ ಸೈಜ್‌ನಲ್ಲಿ ಬೇರೆಯೇ ಚಿತ್ರ. ಫಾರ್ಮ್ಯಾಟ್ ಬೇರೆ, ಎನ್‌ಕೋಡರ್ ಬೇರೆ. ಬಿಟ್‌ರೇಟ್ ಕಡಿಮೆ ಇರುವಾಗ ಆತುರದ ಎನ್‌ಕೋಡರ್ ಫಾರ್ಮ್ಯಾಟ್‌ನ ಹೆಸರನ್ನೇ ಕೆಡಿಸುತ್ತದೆ. ಆ ಸುತ್ತಿನ ಅಂಕಗಳನ್ನೆಲ್ಲ ಅಳಿಸಿದೆ.

ಇನ್ನು ಓಡಿಸುವ ಮಾತು. ಹಳೆಯ ಫೋನ್ ಒಂದರಲ್ಲಿ ಎವಿ1 ಹಾಕಿದೆ. ಅದರಲ್ಲಿ ಎವಿ1ಗೆ ಹಾರ್ಡ್‌ವೇರ್ ಡಿಕೋಡರ್ (ಒತ್ತಿದ ವಿಡಿಯೊವನ್ನು ಬಿಚ್ಚುವ ಚಿಪ್‌ನ ಭಾಗ) ಇಲ್ಲ. ಡೇವಿಡ್ ಎಂಬ ಸಾಫ್ಟ್‌ವೇರ್ ಡಿಕೋಡರ್ ತುಂಬಾ ಚೆನ್ನಾಗಿದೆ, 720ಪಿ ಓಡಿತು ಕೂಡ. ಆದರೆ ಹತ್ತು ನಿಮಿಷದಲ್ಲಿ ಫೋನ್ ಬೆಚ್ಚಗಾಯಿತು, ಬ್ಯಾಟರಿ ಬೇಗ ಇಳಿಯಿತು. ಎಚ್.264ಗೆ ಈ ಚಿಂತೆಯೇ ಇಲ್ಲ, ಯಾವ ಫೋನ್‌ಗೆ ಕೊಟ್ಟರೂ ಓಡುತ್ತದೆ. ಎಚ್.265ರ ಕಥೆ ಬೇರೆ. ಫೋನ್‌ನ ಪ್ಲೇಯರ್‌ನಲ್ಲಿ ಸಲೀಸು, ಬ್ರೌಸರ್‌ನಲ್ಲಿ ಕೆಲವು ಕಡೆ ಹಾರ್ಡ್‌ವೇರ್ ಬೆಂಬಲ ಇದ್ದರೆ ಮಾತ್ರ. ಅದರ ಪೇಟೆಂಟ್ ಪರವಾನಗಿಗಳು ಹಲವು ಕಡೆ ಹಂಚಿಹೋಗಿರುವುದೂ ಅದಕ್ಕೆ ಒಂದು ಕಾರಣ. ಲಿಂಕ್ ಒತ್ತಿ ಬ್ರೌಸರ್‌ನಲ್ಲೇ ನೋಡುವವರಿಗೆ ನಾನು ಅದನ್ನು ಕಳಿಸುವುದಿಲ್ಲ.

ಹಾಗಾದರೆ ಹಳೆಯ ಫೋನ್ ಇರುವವರು ಚೌಕಗಳನ್ನೇ ನೋಡಬೇಕಾ? ಬೇಡ. ಮೊದಲಿನ ಲೆಕ್ಕಕ್ಕೆ ವಾಪಸ್ ಬನ್ನಿ. 720ಪಿ ಬದಲು 360ಪಿ ಮಾಡಿದರೆ ಚೌಕಗಳು 3,600ರಿಂದ 920ಕ್ಕೆ ಇಳಿಯುತ್ತವೆ. ಅದೇ 500 ಕೆಬಿಪಿಎಸ್‌ನಲ್ಲಿ ಒಂದೊಂದಕ್ಕೆ 21 ಬಿಟ್‌ಗೂ ಜಾಸ್ತಿ ಸಿಗುತ್ತದೆ. ಮಾತಾಡುವವರ ತುಣುಕನ್ನು ಹೀಗೆ ಮಾಡಿ ಚಿಕ್ಕ ಪರದೆಯಲ್ಲಿ ನೋಡಿದೆ. ಕೆನ್ನೆಯ ಚೌಕ ಹೋಯಿತು, ಗೋಡೆ ಜಾರುವುದು ನಿಂತಿತು. ಚಿತ್ರ ಸ್ವಲ್ಪ ಮೆದು, ಅಷ್ಟೇ. 720ಪಿ ಎಂಬ ಹೆಸರಿಗೆ ಅಂಟಿಕೊಂಡು ಚಿತ್ರ ಹಾಳು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ನಾನು ಪ್ರತಿ ಪಾಠಕ್ಕೂ ಎರಡು ಫೈಲ್ ಇಡುತ್ತೇನೆ. ಒಂದು 10 ಬಿಟ್ ಎವಿ1, 720ಪಿ. ಇನ್ನೊಂದು ಎಚ್.264, 360ಪಿ. ವಿಪಿ9 ಕೆಟ್ಟದ್ದಲ್ಲ, ಆದರೆ ಇವೆರಡರ ನಡುವೆ ಅದಕ್ಕೆ ನನ್ನಲ್ಲಿ ಕೆಲಸ ಉಳಿಯಲಿಲ್ಲ. ಎವಿ1 ಎನ್‌ಕೋಡ್ ಆಗಲು ತುಂಬಾ ಹೊತ್ತು ಬೇಕು. ರಾತ್ರಿ ಹಚ್ಚಿ ಮಲಗುತ್ತೇನೆ. ಒಮ್ಮೆ ಮಾಡಿದರೆ ನೂರು ಜನ ನೋಡುತ್ತಾರೆ, ಕಾಯಬಹುದು.

ಸ್ಕ್ರೀನ್ ರೆಕಾರ್ಡಿಂಗ್ ಆದರೆ ಮಾತ್ರ 360ಪಿಗೆ ಇಳಿಸುವುದಿಲ್ಲ, ಒತ್ತಕ್ಷರ ಕಲೆಸಿಹೋಗುತ್ತದೆ. ಅಲ್ಲಿ ಎಚ್.264 ಫೈಲನ್ನೂ 720ಪಿಯಲ್ಲೇ ಬಿಟ್ಟು, ಫ್ರೇಮ್ ರೇಟ್ ಅನ್ನು 25ರಿಂದ 10ಕ್ಕೆ ತರುತ್ತೇನೆ. ಮೌಸ್ ಸ್ವಲ್ಪ ಕುಂಟುತ್ತದೆ. ಅಕ್ಷರ ಓದಬಹುದು.